ಪೆನ್‌ಡ್ರೈವ್ "ಫಾರ್ಮ್ಯಾಟ್ ಮಾಡ್ಲಾ" ಅಂತ ಕೇಳಿದ್ರೆ ಆತುರಕ್ಕೆ ಒತ್ಬಿಡ್ಬೇಡಿ

ಅಕ್ಕನ ಮಗಳ ನಾಮಕರಣದ ಫೋಟೋ ಇದ್ದ ಪೆನ್‌ಡ್ರೈವ್‌ಗೆ ನಮ್ ಭಾವ ಸಿನಿಮಾ ಹಾಕೊಳ್ತಾ ಇದ್ರು, 98% ಬಂತು, ಇನ್ನೇನ್ ಮುಗೀತು ಅಂತ ಸಟ್ ಅಂತ ಕಿತ್ಕೊಂಡ್ರು. ಆಮೇಲೆ ಹಾಕಿದ್ರೆ ಡ್ರೈವ್ ಓಪನ್ ಆಗುತ್ತೆ, ಫೋಟೋ ಫೋಲ್ಡರ್ ಒತ್ತಿದ್ರೆ ಮಾತ್ರ ಕರಪ್ಟ್ ಆಗಿದೆ ಓದಕ್ಕಾಗಲ್ಲ ಅಂತ ಮೆಸೇಜು. ಅಕ್ಕ ಎರಡು ದಿನ ಭಾವನ ಹತ್ರ ಮಾತಾಡ್ಲಿಲ್ಲ.

ಆಗಿದ್ದಿಷ್ಟೇ. ಫೈಲ್ ಸಿಸ್ಟಮ್ ಅಂದ್ರೆ ಪಹಣಿ ಇದ್ದಂಗೆ, ಯಾವ ಫೈಲು ಡಿಸ್ಕಲ್ಲಿ ಎಲ್ಲೆಲ್ಲಿ ಕೂತಿದೆ ಅಂತ ಬರೆದಿಟ್ಟಿರೋ ಲೆಕ್ಕ. ಬರೆಯೋವಾಗ ಮಧ್ಯದಲ್ಲಿ ಕಿತ್ರೆ, ಇಲ್ಲ ಕರೆಂಟ್ ಹೋದ್ರೆ, ಜಮೀನು ಅಲ್ಲೇ ಇರುತ್ತೆ ಪಹಣಿ ಕೆಡುತ್ತೆ. ವಿಂಡೋಸ್ ಹಾರ್ಡ್‌ಡಿಸ್ಕಲ್ಲಿ ಇರೋ ಎನ್‌ಟಿಎಫ್‌ಎಸ್ ಅನ್ನೋ ಫೈಲ್ ಸಿಸ್ಟಮ್‌ನಲ್ಲಿ ಏನ್ ಬದಲಾಯಿಸ್ತೀನಿ ಅಂತ ಮೊದ್ಲೇ ಒಂದು ಲಾಗ್‌ನಲ್ಲಿ ಗುರುತು ಹಾಕೊಳ್ಳುತ್ತೆ, ಅದಕ್ಕೇ ಎಷ್ಟೋ ಸಲ ತಾನೇ ಸರಿಹೋಗುತ್ತೆ. ಪೆನ್‌ಡ್ರೈವ್, ಮೆಮೊರಿ ಕಾರ್ಡಲ್ಲಿ ಬರೋ ಫ್ಯಾಟ್32, ಎಕ್ಸ್‌ಫ್ಯಾಟ್ ಅನ್ನೋ ಫೈಲ್ ಸಿಸ್ಟಮ್‌ಗಳಿಗೆ ಆ ಲಾಗ್ ಇಲ್ಲ. ಅದಕ್ಕೇ ಈ ಗೋಳು ಜಾಸ್ತಿ ಪೆನ್‌ಡ್ರೈವ್‌ದೇ.

ಈಗ ರಿಪೇರಿ. ಮೊದ್ಲು ಆ ಡ್ರೈವ್‌ಗೆ ಹೊಸದಾಗಿ ಏನೂ ಹಾಕ್ಬೇಡಿ, ಓದಕ್ಕೆ ಬರೋದನ್ನೆಲ್ಲ ಬೇರೆ ಕಡೆ ಕಾಪಿ ಮಾಡ್ಕೊಳಿ. ಯಾಕಂದ್ರೆ ರಿಪೇರಿ ಟೂಲ್‌ಗೆ ನಿಮ್ ಫೋಟೋ ಮುಖ್ಯ ಅಲ್ಲ, ಲೆಕ್ಕ ತಾಳೆ ಆದ್ರೆ ಸಾಕು, ತಾಳೆ ಆಗದೇ ಇರೋದನ್ನ ಮುಲಾಜಿಲ್ಲದೆ ಕಿತ್ತಾಕುತ್ತೆ.

ಹಾರ್ಡ್‌ಡಿಸ್ಕ್ ಆದ್ರೆ ಇನ್ನೊಂದು ನೋಡ್ಬೇಕು. ಟಿಕ್ ಟಿಕ್ ಸದ್ದು ಬರ್ತಿದ್ರೆ, ಇಲ್ಲ ಡಿಸ್ಕ್ ಆರೋಗ್ಯ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಸಾಫ್ಟ್‌ವೇರ್ ಹಾಕಿ ನೋಡ್ದಾಗ ಹಳದಿ ಕೆಂಪು ತೋರಿಸ್ತಿದ್ರೆ ಪಹಣಿ ಅಲ್ಲ ಜಮೀನೇ ಕುಸೀತಿದೆ ಅಂತ ಅರ್ಥ, ಆಗ ರಿಪೇರಿ ಕಮಾಂಡ್ ಮುಟ್ಲೇಬೇಡಿ. ಲಿನಕ್ಸಲ್ಲಿ ಡಿಡಿರೆಸ್ಕ್ಯೂ ಅಂತ ಕೆಟ್ಟ ಡಿಸ್ಕ್ ನಕಲು ತೆಗೆಯೋ ಟೂಲ್ ಇಟ್ಕೊಂಡು ಇನ್ನೊಂದು ಡಿಸ್ಕ್‌ಗೆ ನಕಲು ತೆಗೀರಿ, ಡೇಟಾ ತುಂಬಾ ಮುಖ್ಯ ಆದ್ರೆ ಆಫ್ ಮಾಡಿ ರಿಕವರಿ ಮಾಡೋರ ಹತ್ರ ಕೊಡಿ.

ಡಿಸ್ಕ್ ಗಟ್ಟಿ ಇದ್ರೆ ವಿಂಡೋಸಲ್ಲಿ ಕಮಾಂಡ್ ಪ್ರಾಂಪ್ಟ್‌ನ (ಕಮಾಂಡ್ ಟೈಪ್ ಮಾಡೋ ಕಪ್ಪು ವಿಂಡೋ) ಅಡ್ಮಿನ್ ಆಗಿ ಓಪನ್ ಮಾಡಿ, ಸಿ ಎಚ್ ಕೆ ಡಿ ಎಸ್ ಕೆ ಅಂತ ಜೊತೆಯಾಗಿ ಟೈಪ್ ಮಾಡಿ, ಒಂದು ಸ್ಪೇಸು, ಡ್ರೈವ್ ಅಕ್ಷರ, ಕೋಲನ್, ಎಂಟರ್. ಇದು ಬರೀ ನೋಡಿ ಹೇಳುತ್ತೆ, ಏನೂ ಮುಟ್ಟಲ್ಲ. ತಪ್ಪಿದೆ ಅಂದ್ರೆ ಅದೇ ಸಾಲಿನ ಕೊನೆಗೆ ಸ್ಪೇಸ್ ಬಿಟ್ಟು ಸ್ಲ್ಯಾಶ್ ಎಫ್ ಸೇರ್ಸಿ, ಆಗ ಸರಿ ಮಾಡುತ್ತೆ. ಸ್ಲ್ಯಾಶ್ ಆರ್ ಹಾಕಿದ್ರೆ ಡಿಸ್ಕ್ ಪೂರ್ತಿ ಓದಿ ಕೆಟ್ಟ ಸೆಕ್ಟರ್ (ಡಿಸ್ಕಲ್ಲಿ ಹಾಳಾದ ಜಾಗ) ಹುಡುಕುತ್ತೆ, ದೊಡ್ಡ ಡಿಸ್ಕ್ ಆದ್ರೆ ಗಂಟೆಗಟ್ಟಲೆ, ಸುಮ್‌ಸುಮ್ನೆ ಹಾಕ್ಬೇಡಿ. ಸಿ ಡ್ರೈವ್‌ಗಾದ್ರೆ ಈಗ ಆಗಲ್ಲ ರೀಸ್ಟಾರ್ಟಲ್ಲಿ ಮಾಡ್ಲಾ ಅಂತ ಕೇಳುತ್ತೆ, ವೈ ಒತ್ತಿ. ಲ್ಯಾಪ್‌ಟಾಪ್ ಆದ್ರೆ ಚಾರ್ಜರ್ ಹಾಕಿರ್ಲಿ, ಮಧ್ಯ ಆಫ್ ಆದ್ರೆ ಮೊದ್ಲಿಗಿಂತ ಕಷ್ಟ. ಲಿನಕ್ಸ್‌ನೋರು ಇದೇ ಕೆಲಸ ಮಾಡೋ ಎಫ್‌ಎಸ್‌ಸಿಕೆ ಕಮಾಂಡ್ ಓಡ್ಸೋ ಮುಂಚೆ ಡ್ರೈವ್ ಅನ್‌ಮೌಂಟ್ ಮಾಡಿ, ಅಂದ್ರೆ ಸಿಸ್ಟಮ್ ಬಳಸದ ಹಾಗೆ ಬಿಡಿಸಿ.

ಇನ್ನು ಡ್ರೈವ್ ಓಪನ್ನೇ ಆಗದೆ ಫಾರ್ಮ್ಯಾಟ್ ಮಾಡಿ ಅಂತ ಹಠ ಮಾಡ್ತಿದ್ರೆ, ಫೈಲ್ ಸಿಸ್ಟಮ್ 'ರಾ' (ಯಾವ ಫೈಲ್ ಸಿಸ್ಟಮ್ ಅಂತಾನೇ ವಿಂಡೋಸ್‌ಗೆ ಗೊತ್ತಾಗ್ತಿಲ್ಲ) ಅಂತ ತೋರಿಸ್ತಿದ್ರೆ ಮೇಲಿನ ಕಮಾಂಡ್ ನಡೆಯಲ್ಲ, ಫಾರ್ಮ್ಯಾಟೂ ಒತ್ಬೇಡಿ. ಟೆಸ್ಟ್‌ಡಿಸ್ಕ್ ಅಂತ ಫ್ರೀ ಟೂಲ್ ಇದೆ, ಕಳೆದೋದ ಪಾರ್ಟಿಶನ್ (ಡಿಸ್ಕಿನ ಭಾಗ), ಕೆಟ್ಟ ಬೂಟ್ ಸೆಕ್ಟರ್ (ಆ ಭಾಗದ ವಿವರ ಇರೋ ಮೊದಲ ಜಾಗ) ಸರಿ ಮಾಡಕ್ಕೆ ನೋಡುತ್ತೆ. ಅದೂ ಆಗ್ಲಿಲ್ಲ ಅಂದ್ರೆ ಅದರ ಜೊತೆಗೇ ಬರೋ ಫೋಟೋರೆಕ್ ಪಹಣಿ ನೋಡ್ದೇನೇ ನೇರ ಡಿಸ್ಕ್ ಕೆದಕಿ ಫೈಲ್ ತೆಗೆಯುತ್ತೆ, ಹೆಸರೇನೋ ಹೋಗಿರುತ್ತೆ ಆದ್ರೆ ಎಷ್ಟೋ ಸಲ ಫೋಟೋ ಸಿಗುತ್ತೆ. ಸಿಕ್ಕಿದ್ದನ್ನ ಅದೇ ಡ್ರೈವಲ್ಲಿ ಸೇವ್ ಮಾಡ್ಬೇಡಿ ಮತ್ತೆ.

ನಮ್ದಕ್ಕೆ ಸ್ಲ್ಯಾಶ್ ಎಫೇ ಸಾಕಾಯ್ತು. ಆದ್ರೆ ಫೋಟೋ ಹಳೇ ಜಾಗದಲ್ಲಿ ಇರ್ಲಿಲ್ಲ, ಫೌಂಡ್ ಡಾಟ್ 000 ಅಂತ ಹಿಡನ್ ಫೋಲ್ಡರಲ್ಲಿ ಸಿಎಚ್‌ಕೆ ಅಂತ ಕೊನೆ ಆಗೋ ಫೈಲುಗಳಾಗಿ ಬಿದ್ದಿದ್ವು. ಒಂದನ್ನ ಕಾಪಿ ಮಾಡಿ ಕೊನೆನ ಜೆಪಿಜಿ ಅಂತ ಬದಲಾಯಿಸ್ದೆ, ಮಗು ತೊಟ್ಟಿಲಲ್ಲಿ ನಗ್ತಾ ಇತ್ತು. ಕೆಲವು ಅರ್ಧ ಬೂದಿ ಬಣ್ಣ ಬಂದಿದ್ವು, ಅದ್ರಲ್ಲಿ ಒಂದರಲ್ಲಿ ಭಾವನ ತಲೆನೇ ಇಲ್ಲ. ಅದನ್ನೇ ಅಕ್ಕ ಡಿಪಿ ಮಾಡ್ಕೊಂಡಿದಾಳೆ.