ಬಟನ್ ನೋಡಿ ಮೋಸ ಹೋದೆ: ಟ್ರೈಲರ್ ಟೈರ್ ಬದಲಾಯಿಸಿದ ನನ್ನ ಅನುಭವ

ನಮ್ದು ಮದ್ದೂರು ಕಡೆ. ಟ್ರ್ಯಾಕ್ಟರ್‌ಗೆ ಎರಡು ಚಕ್ರದ ಟಿಪ್ಪಿಂಗ್ ಟ್ರೈಲರ್ ಇದೆ, ಕಬ್ಬು, ಗೊಬ್ಬರ, ಇಟ್ಟಿಗೆ ಎಲ್ಲಾ ಅದ್ರಲ್ಲೇ, ಶಿವರಾತ್ರಿ ಟೈಮಲ್ಲಿ ಪಾಂಡವಪುರ ಕಡೆ ಬೇಬಿ ಬೆಟ್ಟದ ದನಗಳ ಜಾತ್ರೆಗೆ ನಮ್ಮ ಹಳ್ಳಿಕಾರ್ ಎತ್ತಿನ ಜೋಡೀನೂ ಅದ್ರಲ್ಲೇ ಹೋಗೋದು. ಹೋದ್ಸಲ ಹಂಗೆ ಹೋಗ್ತಾ ಗೆಜ್ಜಲಗೆರೆ ಹತ್ರ ಸರ್ವಿಸ್ ರೋಡಲ್ಲಿ (2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಟ್ರ್ಯಾಕ್ಟರ್ ಬಿಡಲ್ವಲ್ಲ) ಎಡಗಡೆ ಟೈರ್ ಢಂ ಅಂತ ಹೋಯ್ತು. ಟ್ರೈಲರ್ ವಾಲ್ತು, ಒಂದೆತ್ತು ಮಂಡಿಯೂರಿಬಿಡ್ತು, ಅದು ಮತ್ತೆ ಎದ್ದು ನಿಲ್ಲೋವರ್ಗೂ ನನ್ ಜೀವ ನನ್ ಕೈಲಿರ್ಲಿಲ್ಲ.

ನಂಗೆ ಅರ್ಥ ಆಗದೇ ಇದ್ದಿದ್ದು ಏನಂದ್ರೆ, ಟನ್‌ಗಟ್ಲೆ ಕಬ್ಬು ಹೊತ್ತಾಗ ಏನೂ ಆಗದ ಟೈರು ಎರಡು ಎತ್ತಿಗೆ ಯಾಕೆ ಒಡೀತು? ಅದೂ ಬಟನ್ (ನೆಲಕ್ಕೆ ತಾಗೋ ಉಬ್ಬು ರಬ್ಬರ್) ಇನ್ನೂ ಚೆನ್ನಾಗಿತ್ತು. ಬಿಚ್ಚಿ ನೋಡಿದ್ರೆ ಒಳಗಡೆ ಸೈಡಲ್ಲಿ, ಹೊರಗಿಂದ ಕಾಣದ ಕಡೆ, ಪೂರ್ತಿ ಬಿರುಕು. ಕಬ್ಬಿನ ಸೀಜನ್ ಮುಗಿದ್ಮೇಲೆ ತಿಂಗಳುಗಟ್ಲೆ ಬಿಸಿಲಲ್ಲಿ ಒಂದೇ ಕಡೆ ನಿಂತಿರುತ್ತೆ, ಗಾಳಿ ಯಾರೂ ನೋಡಲ್ಲ, ಬಟನ್ ಸವೆಯೋಕೆ ಮುಂಚೆನೇ ರಬ್ಬರ್ ಒಣಗೋಗಿರುತ್ತೆ. ಕಬ್ಬಿನ ಭಾರ ಟೈರನ್ನ ಒಳಗೊಳಗೇ ಮುರಿದಾಕಿತ್ತು, ಎತ್ತಿನ ಪಾಲಿಗೆ ಒಡೀತು ಅಷ್ಟೇ.

ಟೈರ್ ಮೇಲೆ ಅದು ಯಾವಾಗ ತಯಾರಾಯ್ತು ಅಂತ ಹೇಳೋ ನಾಲ್ಕು ಅಂಕಿ ಇರುತ್ತಲ್ಲ, ಮೊದಲೆರಡು ಅಂಕಿ ವಾರ, ಆಮೇಲಿನೆರಡು ಅಂಕಿ ವರ್ಷ. 3215 ಅಂದ್ರೆ 2015ರ 32ನೇ ವಾರ. ನಮ್ದು ಅದೇ! ಆ ನಂಬರ್ ಕೆಲವು ಟೈರಲ್ಲಿ ಒಂದೇ ಸೈಡಿಗೆ ಇರುತ್ತೆ, ನಮ್ದು ಒಳಗಡೆ ಇತ್ತು, ಕೆಳಗೆ ತೂರ್ಕೊಂಡು ಟಾರ್ಚ್ ಹಾಕಿ ಓದ್ಬೇಕು, ಯಾರು ಮಾಡ್ತಾರೆ.

ನಮ್ಮಪ್ಪ "ಒಂದೇ ಹಾಕ್ಸು ಕಣ್ಲಾ, ಇನ್ನೊಂದು ಹೊಸದಿದ್ದಂಗೈತೆ" ಅಂದ್ರು. ನಾನು ಒಪ್ಲಿಲ್ಲ, ಎರಡೂ ಒಂದೇ ವಯಸ್ಸಿನವು, ಮತ್ತೆ ಒಂದು ಎತ್ತರ ಒಂದು ಕುಳ್ಳ ಆದ್ರೆ ಭಾರ ಒಂದೇ ಕಡೆ ಬೀಳುತ್ತೆ. ರೀಸೋಲ್ (ಸವೆದ ಟೈರಿಗೆ ಮೇಲೆ ಹೊಸ ರಬ್ಬರ್ ಹಾಕಿದ) ಲಾರಿ ಟೈರ್ ಅರ್ಧ ರೇಟಿಗೆ ಸಿಗ್ತಿತ್ತು, ಮಣ್ಣು ಹೊಡೆಯೋಕೆ ಓಕೆ, ದನ ನಿಲ್ಸೋ ಗಾಡಿಗೆ ಬೇಡ ಅನ್ನಿಸ್ತು. ಎತ್ತು ಇಟ್ಟಿಗೆ ಥರ ಇಟ್ಟಲ್ಲೇ ಇರಲ್ಲ, ತಿರುವಲ್ಲಿ ಎರಡೂ ಒಂದೇ ಕಡೆ ವಾಲುತ್ವೆ. ಕೊನೆಗೆ ಹಳೇ ಸೈಜೇ ತಗೊಂಡೆ, 9.00-16, 16 ಪಿಆರ್ (ಪ್ಲೈ ರೇಟಿಂಗ್), ನೈಲಾನ್. 16 ಪಿಆರ್ ಅಂದ್ರೆ ಒಳಗೆ 16 ಪದರ ಇದೆ ಅಂತಲ್ಲ, ಭಾರ ತಡೆಯೋ ಲೆಕ್ಕ ಅದು. ಮೊದಲ್ನೇ ಅಂಗಡಿಯವನು "ಹೊಸ ಮಾಲು ಅಣ್ಣ" ಅಂತ ಕೊಟ್ಟಿದ್ದು ನಂಬರ್ ನೋಡಿದ್ರೆ ಮೂರು ವರ್ಷ ಹಳೇದು, ಅಲ್ಲೇ ಬಿಟ್ಟು ಬಂದೆ.

ಟ್ಯೂಬು, ಫ್ಲಾಪು (ಟ್ಯೂಬಿಗೂ ಡಿಸ್ಕಿಗೂ ಮಧ್ಯೆ ಹಾಕೋ ರಬ್ಬರ್ ಪಟ್ಟಿ) ಎರಡೂ ಹೊಸದೇ ಹಾಕ್ಸಿ. ಹಳೇ ಟ್ಯೂಬ್ ಹಿಗ್ಗಿರುತ್ತೆ, ಹೊಸ ಟೈರೊಳಗೆ ಮಡಚ್ಕೊಂಡು ಅಲ್ಲೇ ತೂತಾಗುತ್ತೆ. ಚಕ್ರ ಬಿಚ್ಚೋದನ್ನ ಮನೇಲೇ ಮಾಡ್ದೆ, ಟ್ರೈಲರ್ ಟ್ರ್ಯಾಕ್ಟರ್‌ಗೆ ಸಿಗಿಸೇ ಇರ್ಬೇಕು, ಇಲ್ಲಾಂದ್ರೆ ಮುಗ್ಗರಿಸುತ್ತೆ, ಇನ್ನೊಂದು ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು, ನಟ್ ನೆಲದ ಮೇಲಿದ್ದಾಗ್ಲೇ ಸ್ವಲ್ಪ ಸಡಿಲ ಮಾಡ್ಕೊಂಡು ಆಮೇಲೆ ಜಾಕಿ. ಆದ್ರೆ ಡಿಸ್ಕಿಂದ (ಚಕ್ರದ ಕಬ್ಬಿಣದ ಭಾಗ) ಟೈರ್ ಬಿಡಿಸೋದು ಮಾತ್ರ ಪಂಚರ್ ಅಂಗಡಿಗೆ ಕೊಟ್ಟೆ, ಟೈರನ್ನ ಹಿಡಿದಿಡೋ ಕಬ್ಬಿಣದ ರಿಂಗ್ ಇರೋ ಡಿಸ್ಕು, ಗಾಳಿ ಪೂರ್ತಿ ಇಳಿಸದೆ ರಿಂಗ್ ಮುಟ್ಟಿದ್ರೆ ಅದು ಹಾರಿ ಮುಖಕ್ಕೆ ಬಡಿಯುತ್ತೆ. ಅಲ್ಲಿ ಜುಗ್ಗತನ ಮಾಡ್ಬೇಡಿ. ಚಕ್ರ ಬಿಚ್ಚಿದ್ದೀವಲ್ಲ ಅಂತ ಬೇರಿಂಗ್‌ಗೆ ಗ್ರೀಸೂ ಆಯ್ತು.

ಈ ಸಲ ಮಂಡ್ಯ ದಾಟಿ ಗಾಡಿ ನಿಲ್ಸಿ ಸ್ಪಾನರ್ ಹಾಕಿ ನೋಡಿದ್ರೆ ಎರಡು ನಟ್ ಕಾಲು ಸುತ್ತು ತಿರುಗ್ತು, ಹೊಸದಾಗಿ ಹಾಕಿದ್ಮೇಲೆ ಹಂಗಾಗುತ್ತೆ. ಬೇಬಿ ಬೆಟ್ಟದಲ್ಲಿ ಎತ್ತು ಇಳಿಸಿ ಎರಡೂ ಟೈರ್ ಕೈಯಿಂದ ಮುಟ್ಟಿ ನೋಡ್ದೆ, ಒಂದು ಜಾಸ್ತಿ ಬಿಸಿ ಇದ್ರೆ ಗಾಳಿ ಕಮ್ಮಿ ಇದೆ ಇಲ್ಲಾ ಬೇರಿಂಗ್ ಹಿಡೀತಿದೆ ಅಂತ. ಎರಡೂ ಒಂದೇ ಸಮ ಬೆಚ್ಚಗಿದ್ವು. ಅಪ್ಪ ನೋಡ್ತಾ ನಿಂತಿದ್ದವ್ರು "ಎತ್ತಿಗ್ ಮೊದ್ಲು ನೀರ್ ಕುಡ್ಸು, ಟೈರ್ ಸವರಿದ್ದು ಸಾಕು" ಅಂದ್ರು.