ಪಕ್ಷಾತೀತ ಸುದ್ದಿ ವಿಶ್ಲೇಷಣೆಗೆ ಎಐಯನ್ನು ಪಳಗಿಸಿದ ಬಗೆ

ಕನ್ನಡ ಮತ್ತು ಇಂಗ್ಲಿಷ್ ಪತ್ರಿಕೆಗಳ ಆರ್‌ಎಸ್‌ಎಸ್ ಫೀಡ್‌ಗಳಿಂದ (ಹೊಸ ವರದಿಗಳ ಪಟ್ಟಿಯನ್ನು ತಂತ್ರಾಂಶಗಳು ಓದುವಂತೆ ಜಾಲತಾಣಗಳು ಒದಗಿಸುವ ವ್ಯವಸ್ಥೆ) ಪ್ರತಿದಿನ ನಸುಕಿನಲ್ಲಿ ವರದಿಗಳನ್ನು ತಾನಾಗಿ ಸಂಗ್ರಹಿಸಿ, ಒಂದೇ ಘಟನೆಗೆ ಸೇರಿದವನ್ನು ಗುಂಪುಗೂಡಿಸಿ, ಭಾಷಾ ಮಾದರಿಯಿಂದ (ಪಠ್ಯ ಬರೆಯಬಲ್ಲ ಎಐನಿಂದ) ವಿಶ್ಲೇಷಣೆ ಬರೆಸಿ ಇಮೇಲ್‌ನಲ್ಲಿ ಕಳುಹಿಸುವ ಸಣ್ಣ ಸೇವೆಯೊಂದನ್ನು ನಾನು ರೂಪಿಸಿದ್ದೇನೆ. ಸಂಗ್ರಹ, ರವಾನೆಗಳು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲ ಯಾರಾದರೂ ಮಾಡಬಹುದಾದ ಕೆಲಸ. ನನ್ನ ಶ್ರಮವೆಲ್ಲ ಹಿಡಿದದ್ದು ಬರಹ ಯಾವ ಪಕ್ಷದ ಕಡೆಗೂ ವಾಲದಂತೆ ನೋಡಿಕೊಳ್ಳುವುದಕ್ಕೆ.

ಪರೀಕ್ಷೆಗೆ 2023ರ ಸೆಪ್ಟೆಂಬರ್‌ನ ಕಾವೇರಿ ಸುದ್ದಿಗಳನ್ನು ಆರಿಸಿಕೊಂಡೆ. ತಮಿಳುನಾಡಿಗೆ 15 ದಿನ 5,000 ಕ್ಯುಸೆಕ್‌ನಂತೆ (ಸೆಕೆಂಡಿಗೆ 5,000 ಘನ ಅಡಿ) ನೀರು ಹರಿಸಬೇಕೆಂಬ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ ಆದೇಶದಲ್ಲಿ ಮಧ್ಯಪ್ರವೇಶಿಸಲು ಸುಪ್ರೀಂ ಕೋರ್ಟ್ 21ರಂದು ನಿರಾಕರಿಸಿತ್ತು. 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್ ನಡೆದವು. ಆಡಳಿತ ಪಕ್ಷ, ವಿರೋಧ ಪಕ್ಷ, ಎರಡು ರಾಜ್ಯಗಳು, ರೈತ ಸಂಘಟನೆಗಳು ಎಲ್ಲರೂ ಏರಿದ ದನಿಯಲ್ಲಿ ಮಾತನಾಡಿದ ಇಂಥ ವಿಷಯದಲ್ಲಿ ಮಾದರಿಯ ಒಲವು ಬೇಗ ಬಯಲಾಗುತ್ತದೆ.

ಮೊದಲು ಕಣ್ಣಿಗೆ ಬಿದ್ದದ್ದು ಸುದ್ದಿಸಂಸ್ಥೆಯ ಪ್ರತಿಗಳ ತೊಡಕು. ಪಿಟಿಐನ ಒಂದೇ ವರದಿ ಶೀರ್ಷಿಕೆ ಬದಲಿಸಿಕೊಂಡು ಹಲವು ಪತ್ರಿಕೆಗಳಲ್ಲಿ ಬಂದಾಗ, ಯಂತ್ರ ಅವನ್ನು ಪ್ರತ್ಯೇಕ ಸಾಕ್ಷ್ಯಗಳೆಂದು ಎಣಿಸಿ, ‘ಹಲವು ಮೂಲಗಳು ದೃಢಪಡಿಸಿವೆ’ ಎಂದು ಬರೆದುಬಿಡುತ್ತದೆ. ಆದ್ದರಿಂದ ವಾಕ್ಯಗಳ ಹೋಲಿಕೆ ನೋಡಿ, ಒಂದೇ ಮೂಲದ ಪ್ರತಿಗಳನ್ನೆಲ್ಲ ಒಂದೆಂದೇ ಲೆಕ್ಕ ಹಾಕುವ ಹಂತವನ್ನು ವಿಶ್ಲೇಷಣೆಗೆ ಮೊದಲೇ ಇರಿಸಿದೆ.

ಇನ್ನೊಂದು ತೊಡಕು ಅಂಕಿಗಳದ್ದು. ಒಂದು ಟಿಎಂಸಿ ಅಡಿ (ನೂರು ಕೋಟಿ ಘನ ಅಡಿ) ಎಂದರೆ ಇಡೀ ದಿನ ಸುಮಾರು 11,574 ಕ್ಯುಸೆಕ್ ಹರಿವು. ಆ ಲೆಕ್ಕದಲ್ಲಿ ಮೇಲಿನ ಆದೇಶದ ಒಟ್ಟು ನೀರು ಸುಮಾರು 6.5 ಟಿಎಂಸಿ ಅಡಿ. ‘ಐದು ಸಾವಿರ’ ಎಂದಾಗ ಹುಟ್ಟುವ ಭಾವನೆಯೇ ಬೇರೆ, ‘ಆರೂವರೆ’ ಎಂದಾಗಿನದೇ ಬೇರೆ. ಹೀಗಾಗಿ ಎರಡೂ ಮಾನಗಳು ಅಕ್ಕಪಕ್ಕದಲ್ಲಿಯೇ ಬರಬೇಕೆಂದು ವಿಧಿಸಿ, ಪರಿವರ್ತನೆಯನ್ನು ಮಾದರಿಗೆ ಬಿಡದೆ ಕೋಡ್‌ಗೆ ವಹಿಸಿದೆ.

ವಿವಾದದ ಎರಡೂ ಕಡೆಯವರಿಗೆ ಸಮನಾದ ಜಾಗ ಕೊಟ್ಟರೆ ನ್ಯಾಯ ಸಂದಿತು ಎಂಬಂತೆ ಬರೆಯುವುದು ಈ ಮಾದರಿಗಳ ಚಾಳಿ. ಆದರೆ ಸುಪ್ರೀಂ ಕೋರ್ಟಿನ 2018ರ ತೀರ್ಪಿನಂತೆ ಕಾವೇರಿ ನೀರಿನಲ್ಲಿ ಕರ್ನಾಟಕದ ಪಾಲು 284.75 ಟಿಎಂಸಿ ಅಡಿ. ಇದರಲ್ಲಿ ಎರಡನೇ ಅಭಿಪ್ರಾಯಕ್ಕೆ ಜಾಗವಿಲ್ಲ. ಆದ್ದರಿಂದ ದಾಖಲೆಯಲ್ಲಿರುವುದು, ಇಂಥವರು ಹೇಳಿದ್ದು, ಮಾದರಿಯ ಸ್ವಂತ ಊಹೆ ಎಂದು ಪ್ರತಿ ವಾಕ್ಯಕ್ಕೂ ಗುರುತು ಹಚ್ಚಿಸಿ, ಮೂಲ ವರದಿಯ ಕೊಂಡಿ ಇಲ್ಲದ ವಾಕ್ಯವನ್ನು ತಾನಾಗಿಯೇ ಅಳಿಸುವಂತೆ ಮಾಡಿದ್ದೇನೆ.

ಕೊನೆಯ ಜರಡಿ ನನಗೆ ಅತ್ಯಂತ ಪ್ರಿಯವಾದದ್ದು. ಅದೇ ವರದಿಗಳಲ್ಲಿ ಪಕ್ಷಗಳ ಹೆಸರನ್ನು ಅದಲುಬದಲು ಮಾಡಿ ಮತ್ತೊಮ್ಮೆ ವಿಶ್ಲೇಷಣೆ ಬರೆಸಿ ಎರಡನ್ನೂ ಹೋಲಿಸಿದಾಗ, ಹೆಸರಿನ ಜೊತೆಗೆ ಧಾಟಿಯೂ ಬದಲಾದ ವಾಕ್ಯಗಳು ಬೇರೆ ಪಟ್ಟಿಗೆ ಹೋಗುತ್ತವೆ. ಅವನ್ನು ನಾನೇ ಓದಿ ತಿದ್ದುತ್ತೇನೆ, ಇಲ್ಲವೇ ತೆಗೆದುಹಾಕುತ್ತೇನೆ. ಈ ಹಂತವನ್ನು ಸ್ವಯಂಚಾಲಿತಗೊಳಿಸುವ ಇರಾದೆ ಸದ್ಯಕ್ಕಿಲ್ಲ.