ದಾಲ್ ಮಿಲ್ ಕಂಪನಿಯ ಐಟಿಆರ್-6: ನಾನು ಮಾಡುವ ಕ್ರಮ

ಕಲಬುರಗಿಯ ದಾಲ್ ಮಿಲ್‌ಗಳಲ್ಲಿ ಪ್ರೈವೇಟ್ ಲಿಮಿಟೆಡ್ ಆಗಿರುವವು ಐಟಿಆರ್-6, ಅಂದರೆ ಕಂಪನಿಗಳ ಆದಾಯ ತೆರಿಗೆ ರಿಟರ್ನ್, ಹಾಕಬೇಕು. ಲಾಭವಾಗಲಿ, ನಷ್ಟವಾಗಲಿ, ವರ್ಷವಿಡೀ ಮಿಲ್ಲಿಗೆ ಬೀಗ ಬಿದ್ದಿರಲಿ, ಕಂಪನಿಗೆ ವಿನಾಯಿತಿ ಇಲ್ಲ. ರಿಟರ್ನ್‌ಗೆ ಕೊನೆಯ ದಿನ ಅಕ್ಟೋಬರ್ 31. ಟ್ಯಾಕ್ಸ್ ಆಡಿಟ್ ಬೇಕಾದವರು 3ಸಿಎ-3ಸಿಡಿ ಎಂಬ ಆಡಿಟ್ ವರದಿಯನ್ನು ಸೆಪ್ಟೆಂಬರ್ 30ರೊಳಗೆ ಹಾಕಬೇಕು. 2026 ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆಯಾದರೂ 2025-26ರ ಲೆಕ್ಕ 1961ರ ಕಾಯ್ದೆಯ ಪ್ರಕಾರವೇ ನಡೆಯುತ್ತದೆ. ಕೆಳಗಿನ ಸೆಕ್ಷನ್ ನಂಬರುಗಳೆಲ್ಲ ಆ ಹಳೆಯ ಕಾಯ್ದೆಯವು.

ಟ್ಯಾಲಿಯಿಂದ ಲಾಭ-ನಷ್ಟದ ಪಟ್ಟಿ ತೆಗೆದು ಯುಟಿಲಿಟಿಗೆ (ರಿಟರ್ನ್ ತಯಾರಿಸುವ ಸಾಫ್ಟ್‌ವೇರ್) ತುಂಬುವುದು ಹೆಚ್ಚಿನವರ ರೂಢಿ. ನಾನು ತೊಗರಿಯ ಕ್ವಿಂಟಾಲ್‌ನಿಂದ ಶುರು ಮಾಡುತ್ತೇನೆ. 3ಸಿಡಿಯ 35ನೇ ಕಲಂ ಮತ್ತು ಐಟಿಆರ್-6ರ ಕ್ಯೂಡಿ ಭಾಗ ಕೇಳುವುದು ರೂಪಾಯಿಯನ್ನಲ್ಲ, ತೂಕವನ್ನು: ಆರಂಭದ ದಾಸ್ತಾನು, ಖರೀದಿ, ಬಳಕೆ, ಮಾರಾಟ, ಕೊನೆಯ ದಾಸ್ತಾನು, ಇಳುವರಿ, ಕೊರತೆ. 1,000 ಕ್ವಿಂಟಾಲ್ ತೊಗರಿ ಒಡೆದರೆ ಬೇಳೆ 720, ಚುನ್ನಿ-ನುಚ್ಚು-ಹೊಟ್ಟು ಸೇರಿ 250, ತೇವಾಂಶ ಮತ್ತು ದೂಳಿಗೆ 30 ಎಂದಿಟ್ಟುಕೊಳ್ಳಿ. ಬೇಳೆಯ ಇಳುವರಿ 70-75 ಶೇಕಡದ ಆಸುಪಾಸು ಇದ್ದರೆ ಯಾರೂ ಹುಬ್ಬೇರಿಸುವುದಿಲ್ಲ. 64 ಎಂದು ಬಂದರೆ ಎರಡರಲ್ಲೊಂದು ಆಗಿರುತ್ತದೆ: ಒಂದಷ್ಟು ಬೇಳೆ ಪುಸ್ತಕಕ್ಕೆ ಬಂದಿಲ್ಲ, ಇಲ್ಲವೇ ಮುನೀಮರು ಚೀಲದ ಲೆಕ್ಕವನ್ನು ಕ್ವಿಂಟಾಲ್ ಎಂದು ಬರೆದಿದ್ದಾರೆ. ಅಡತಿಯ (ಕಮಿಷನ್ ಏಜೆಂಟ್) ಪಟ್ಟಿ, ತೂಕದ ಚೀಟಿ, ಗಿರಣಿಯ ದಿನಚರಿ ಈ ಮೂರನ್ನೂ ತಿಂಗಳಿಗೊಮ್ಮೆ ತಾಳೆ ನೋಡಿದರೆ ಇದು ಮೊದಲೇ ಸಿಕ್ಕುತ್ತದೆ. ಕರೆಂಟ್ ಬಿಲ್ಲಿನ ಯೂನಿಟ್‌ಗಳನ್ನೂ ಪಕ್ಕಕ್ಕಿಟ್ಟುಕೊಳ್ಳಿ. ಒಡೆದ ಮಾಲು ಅರ್ಧವಾಗಿ ಯೂನಿಟ್ ಅಷ್ಟೇ ಉಳಿದಿದ್ದರೆ ಪರಿಶೀಲನೆಯಲ್ಲಿ ಮೊದಲ ಪ್ರಶ್ನೆ ಅಲ್ಲಿಂದಲೇ ಬರುತ್ತದೆ.

ದಾಸ್ತಾನಿನ ವಿಷಯ ಇನ್ನೂ ಸೂಕ್ಷ್ಮ. ತೊಗರಿ ಡಿಸೆಂಬರ್‌ನಿಂದ ಗಂಜ್‌ಗೆ (ಧಾನ್ಯದ ಮಾರುಕಟ್ಟೆ) ಬರುವುದರಿಂದ ಮಾರ್ಚ್ 31ಕ್ಕೆ ಗೋದಾಮು ತುಂಬಿರುತ್ತದೆ. ಸ್ವಂತ ಗೋದಾಮು, ಅಡತಿ ಅಂಗಡಿಯಲ್ಲಿ ಉಳಿದದ್ದು, ಬ್ಯಾಂಕಿಗೆ ಒತ್ತೆ ಇಟ್ಟ ಉಗ್ರಾಣದ ಮಾಲು, ಮೂರನ್ನೂ ಬೇರೆ ಬೇರೆ ಪಟ್ಟಿ ಮಾಡಿ ಕೊಂಡ ಬೆಲೆ ಅಥವಾ ಮಾರಿದರೆ ಸಿಗುವ ಬೆಲೆ, ಯಾವುದು ಕಡಿಮೆಯೋ ಅದನ್ನು ಹಿಡಿಯಿರಿ. ಆಮೇಲೆ ಸಿಸಿ ಲಿಮಿಟ್‌ಗಾಗಿ (ದಾಸ್ತಾನಿನ ಮೇಲೆ ಸಿಗುವ ಬ್ಯಾಂಕ್ ಸಾಲದ ಮಿತಿ) ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್ ತೆಗೆದು ಹೋಲಿಸಿ. ಲಿಮಿಟ್ ಉಳಿಸಿಕೊಳ್ಳಲು ಅದರಲ್ಲಿ ಮಾಲು ಹೆಚ್ಚು ತೋರಿಸುವ ಚಾಳಿ ನಮ್ಮ ಕಡೆ ಇದೆ, ಮುಚ್ಚಿಟ್ಟು ಪ್ರಯೋಜನವಿಲ್ಲ. 2021-22ರಿಂದ ಕಂಪನಿಗಳು ಈ ತ್ರೈಮಾಸಿಕ ಸ್ಟೇಟ್‌ಮೆಂಟ್ ಪುಸ್ತಕಕ್ಕೆ ಹೊಂದುತ್ತದೆಯೇ ಎಂದು ಬ್ಯಾಲೆನ್ಸ್ ಶೀಟಿನ ಟಿಪ್ಪಣಿಯಲ್ಲೇ ಹೇಳಬೇಕು. ಹೊಂದದ ವ್ಯತ್ಯಾಸವನ್ನು ಲೆಕ್ಕಕ್ಕೆ ಸಿಗದ ಹೂಡಿಕೆ ಎಂದು ಪರಿಗಣಿಸಿದರೆ 115ಬಿಬಿಇ ಅಡಿ ತೆರಿಗೆ, ಸರ್‌ಚಾರ್ಜ್, ಸೆಸ್ ಸೇರಿ 78 ಶೇಕಡ. ಬ್ಯಾಂಕಿನ ಲಿಮಿಟ್‌ಗೆ ಇಷ್ಟು ಬೆಲೆ ಕೊಡುವುದು ಮೂರ್ಖತನ.

ಇನ್ನು ಖರ್ಚಿನ ಕಡೆ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ 40ಎ(3) ಪ್ರಕಾರ ಆ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಪೂರ್ತಿ ಒಪ್ಪುವುದಿಲ್ಲ. ಲಾರಿ ಬಾಡಿಗೆಗೆ ಮಿತಿ 35,000. ಬೆಳೆದ ರೈತನಿಗೇ ನೇರವಾಗಿ ಕೊಟ್ಟದ್ದಕ್ಕೆ 6ಡಿಡಿ ನಿಯಮದಲ್ಲಿ ವಿನಾಯಿತಿ ಇದೆ. ಆದರೆ ಬಿಲ್ ಅಡತಿಯ ಹೆಸರಲ್ಲಿದ್ದರೆ ಅವರು ರೈತರಲ್ಲ, ಅವರಿಗೆ ಬ್ಯಾಂಕ್ ಮೂಲಕವೇ ಕೊಡಿ. ಹಮಾಲಿಯಲ್ಲಿಯೂ ಇದೇ ತೊಡಕು. ಇಪ್ಪತ್ತು ಜನರ ಕೂಲಿಯನ್ನು ಮೇಸ್ತ್ರಿಯೊಬ್ಬನ ವೋಚರಿನಲ್ಲಿ ಬರೆದರೆ ಅದು ಒಬ್ಬರಿಗೆ ಕೊಟ್ಟ ಹಣದಂತೆ ಕಾಣುತ್ತದೆ. ಹೆಸರುವಾರು ಪಟ್ಟಿ ಮಾಡಿ, ಪ್ರತಿಯೊಬ್ಬರ ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಳ್ಳಿ.

ದುಡ್ಡು ಹೆಚ್ಚು ಹೋಗುವ ಜಾಗ 194ಕ್ಯೂ. ಹಿಂದಿನ ವರ್ಷ ವಹಿವಾಟು 10 ಕೋಟಿ ದಾಟಿದ್ದರೆ, ಒಬ್ಬ ಮಾರಾಟಗಾರರಿಂದ 50 ಲಕ್ಷ ಮೀರಿದ ಖರೀದಿಗೆ 0.1 ಶೇಕಡ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಬೇಕು. ಒಂದು ಅಂಗಡಿಯಿಂದ 2 ಕೋಟಿ ಮಾಲು ಕೊಂಡರೆ ಟಿಡಿಎಸ್ ಬರೀ 15,000. ಹಿಡಿಯದೇ ಬಿಟ್ಟರೆ 40(ಎ)(ಐಎ) ಅಡಿ 1.5 ಕೋಟಿಯ 30 ಶೇಕಡ, ಅಂದರೆ 45 ಲಕ್ಷ, ಆದಾಯಕ್ಕೆ ಸೇರುತ್ತದೆ. ಹಿಡಿದು ರಿಟರ್ನ್‌ನ ಕೊನೆಯ ದಿನದೊಳಗೆ ಕಟ್ಟಿದ್ದರೆ ಈ ತೊಂದರೆ ಇಲ್ಲ.

ಪಿಎಫ್‌ನಲ್ಲಿ ಕಾರ್ಮಿಕರ ಪಾಲು ಮುಂದಿನ ತಿಂಗಳ 15ರೊಳಗೆ ಜಮಾ ಆಗಿರಬೇಕು. 16ಕ್ಕೆ ಕಟ್ಟಿದರೂ ಆ ಮೊತ್ತವನ್ನು ಖರ್ಚೆಂದು ಒಪ್ಪುವುದಿಲ್ಲ. 2022 ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಚೆಕ್‌ಮೇಟ್ ಸರ್ವಿಸಸ್ ಪ್ರಕರಣದಲ್ಲಿ ಇದನ್ನು ಇತ್ಯರ್ಥ ಮಾಡಿದೆ. ಮಾಲೀಕರ ಪಾಲು, ಬೋನಸ್, ಜಿಎಸ್‌ಟಿ ಮಾತ್ರ ಅಕ್ಟೋಬರ್ 31ರವರೆಗೆ ಕಾಯುತ್ತವೆ. ಸಣ್ಣ, ಅತಿಸಣ್ಣ ಉದ್ಯಮಗಳಿಗೆ ಕೊಡಬೇಕಾದ ಬಾಕಿಗೆ ಆ ಸಡಿಲಿಕೆಯೂ ಇಲ್ಲ. ಚೀಲ ತಯಾರಿಸುವವರು, ಬಿಡಿಭಾಗ ಮಾಡಿಕೊಡುವ ವರ್ಕ್‌ಶಾಪ್‌ಗಳ ಉದ್ಯಮ್ ನಂಬರ್ (ಸಣ್ಣ ಉದ್ಯಮದ ನೋಂದಣಿ ಸಂಖ್ಯೆ) ಕೇಳಿ ಪಡೆದುಕೊಳ್ಳಿ. ಹಣ ಕೊಡಲು ಬರಹದ ಕರಾರಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನ. ಅವಧಿ ಮೀರಿ ಮಾರ್ಚ್ 31ಕ್ಕೆ ಬಾಕಿ ಉಳಿದದ್ದನ್ನು 43ಬಿ(ಎಚ್) ಪ್ರಕಾರ ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚು ಹಾಕಬಹುದು.

ತೆರಿಗೆ ದರವನ್ನು ಯುಟಿಲಿಟಿ ತೆರೆಯುವ ಮುನ್ನವೇ ತೀರ್ಮಾನಿಸಬೇಕು. ವಿನಾಯಿತಿಗಳನ್ನು ಬಿಟ್ಟು ಕಡಿಮೆ ದರ ಪಡೆಯುವ 115ಬಿಎಎ ಆಯ್ದರೆ ಎಲ್ಲ ಸೇರಿ 25.168 ಶೇಕಡ. ಹಳೆಯ ದಾರಿಯಲ್ಲಿ, 400 ಕೋಟಿಯೊಳಗಿನ ವಹಿವಾಟಿನ ಕಂಪನಿಗೆ, ಆದಾಯ 1 ಕೋಟಿ ದಾಟದಿದ್ದರೆ 26. ಆದಾಯ 40 ಲಕ್ಷವಾದರೆ ವ್ಯತ್ಯಾಸ 33,280 ರೂಪಾಯಿ ಮಾತ್ರ. ಅದೇ ವರ್ಷ 60 ಲಕ್ಷದ ಹೊಸ ಸಾರ್ಟೆಕ್ಸ್ (ಬೇಳೆಯನ್ನು ಬಣ್ಣ ನೋಡಿ ಬೇರ್ಪಡಿಸುವ) ಯಂತ್ರ ಕೂಡಿಸಿ 180 ದಿನ ಓಡಿಸಿದ್ದರೆ, ಹಳೆಯ ದಾರಿಯಲ್ಲಿ 20 ಶೇಕಡ ಹೆಚ್ಚುವರಿ ಸವಕಳಿ, ಅಂದರೆ 12 ಲಕ್ಷ, ಸಿಗಬಹುದು. 115ಬಿಎಎಯಲ್ಲಿ ಅದು ಇಲ್ಲ. ಬೇಳೆ ಮಾಡುವುದು ಉತ್ಪಾದನೆಯೆಂದು ಒಪ್ಪುವ ಪ್ರಶ್ನೆ ಇದೆ, ಮ್ಯಾಟ್ (ಪುಸ್ತಕದ ಲಾಭದ ಮೇಲಿನ ಕನಿಷ್ಠ ತೆರಿಗೆ) ಲೆಕ್ಕವೂ ಇದೆ, ಆದ್ದರಿಂದ ಆಡಿಟರ್ ಜೊತೆ ಕೂತು ನೋಡಿ. ಒಮ್ಮೆ 115ಬಿಎಎಗೆ ಹೋದರೆ ಹಿಂದೆ ಬರುವಂತಿಲ್ಲ. ಆಯ್ದದ್ದನ್ನು ತಿಳಿಸುವ 10-ಐಸಿ ಫಾರ್ಮ್ ಕೊನೆಯ ದಿನದೊಳಗೆ ಹೋಗಲೇಬೇಕು. ರಿಟರ್ನ್‌ನಲ್ಲಿ ಮಾತ್ರ ಗುರುತು ಹಾಕಿ ಫಾರ್ಮ್ ಮರೆತರೆ ಸಿಪಿಸಿ (ರಿಟರ್ನ್ ಪರಿಷ್ಕರಿಸುವ ಇಲಾಖೆಯ ಕೇಂದ್ರ) ಹಳೆಯ ದರದಲ್ಲೇ ಬೇಡಿಕೆ ಕಳಿಸುತ್ತದೆ.

ಯುಟಿಲಿಟಿಯ ಕೆಲಸ ಇಷ್ಟಾದ ಮೇಲೆ ಒಂದು ದಿನದ್ದು. ವ್ಯಾಪಾರದ ಆದಾಯ ಲೆಕ್ಕ ಹಾಕುವ ಬಿಪಿ ಶೆಡ್ಯೂಲ್‌ನಲ್ಲಿ ಕಂಪನಿ ಕಾಯ್ದೆಯ ಸವಕಳಿ ಕೂಡಿಸಿ, ಆದಾಯ ತೆರಿಗೆಯ ಸವಕಳಿ ಕಳೆಯಿರಿ. 3ಸಿಡಿಯಲ್ಲಿ ತೋರಿಸಿದ ಪ್ರತಿ ನಿರಾಕರಣೆಯೂ (ಖರ್ಚೆಂದು ಒಪ್ಪದ ಮೊತ್ತ) ಇಲ್ಲಿ ಬಂದಿರಬೇಕು, ಬಾರದಿದ್ದರೆ 143(1)ರ ಪರಿಷ್ಕರಣೆಯಲ್ಲಿ ಸಿಪಿಸಿಯೇ ಸೇರಿಸುತ್ತದೆ. ಎಸ್‌ಎಚ್-1ರಲ್ಲಿ ಎಲ್ಲ ಷೇರುದಾರರ ವಿವರ, ಪ್ಯಾನ್ ಸಮೇತ. ತೀರಿಹೋದ ಅಜ್ಜಿಯ ಹೆಸರಲ್ಲೇ ಷೇರು ಉಳಿದಿರುವುದು ಮನೆತನದ ಕಂಪನಿಗಳಲ್ಲಿ ಇಲ್ಲಿ ಬಯಲಾಗುತ್ತದೆ. ಎಐಎಸ್‌ನಲ್ಲಿರುವ (ಇಲಾಖೆಯ ಬಳಿಯಿರುವ ನಿಮ್ಮ ವಾರ್ಷಿಕ ಮಾಹಿತಿ ಪಟ್ಟಿ) ಜಿಎಸ್‌ಟಿ ವಹಿವಾಟು ನಿಮ್ಮ ಮಾರಾಟಕ್ಕೆ ಸರಿಹೊಂದದಿದ್ದರೆ ಕಾರಣದ ಹಾಳೆ ತಯಾರಿಟ್ಟುಕೊಳ್ಳಿ. ಹಳೆಯ ಯಂತ್ರ ಮಾರಿದ್ದು ಆ ವಹಿವಾಟಿನಲ್ಲಿರುತ್ತದೆ, ಮಾರಾಟದ ಖಾತೆಯಲ್ಲಿರುವುದಿಲ್ಲ.

ಆಡಿಟರ್ 3ಸಿಡಿ ಅಪ್‌ಲೋಡ್ ಮಾಡಿದರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಕಂಪನಿಯ ಲಾಗಿನ್‌ನಿಂದ ಡಿಜಿಟಲ್ ಸಹಿ ಹಾಕಿ ಸ್ವೀಕರಿಸಿದಾಗಲೇ ಅದು ಸಲ್ಲಿಕೆಯಾಗುತ್ತದೆ. ಸಹಿಯ ಟೋಕನ್ ನಿರ್ದೇಶಕರ ಸ್ವಂತ ಪ್ಯಾನ್ ಖಾತೆಯಲ್ಲಿ ನೋಂದಣಿಯಾಗಿರಬೇಕು, ಅವಧಿ ಮುಗಿದಿರಬಾರದು. ಆಗಸ್ಟ್‌ನಲ್ಲೇ ಒಮ್ಮೆ ಟೋಕನ್ ಚುಚ್ಚಿ ನೋಡಿ. ಸ್ವಯಂ ನಿರ್ಧರಣೆ ತೆರಿಗೆ ಕಟ್ಟುವಾಗ 0020 (ಕಂಪನಿ ತೆರಿಗೆ), 300 (ಸ್ವಯಂ ನಿರ್ಧರಣೆ) ಎಂಬ ಹೆಡ್‌ಗಳನ್ನು ನೋಡಿಕೊಂಡೇ ಮುಂದುವರಿಯಿರಿ. ನಷ್ಟವಿದ್ದ ವರ್ಷ ಕೊನೆಯ ದಿನ ತಪ್ಪಿದರೆ ವ್ಯಾಪಾರದ ನಷ್ಟ ಮುಂದಕ್ಕೆ ಹೋಗುವುದಿಲ್ಲ, ಸವಕಳಿಯ ಬಾಕಿ ಮಾತ್ರ ಹೋಗುತ್ತದೆ.